ಹಡಗಿನಲ್ಲಿ ಹುಟ್ಟಿದ ಅಣ್ಣ

ತಂಗಿಯನ್ನೇ ಕಟ್ಟಿಕೊಳ್ಳಲು ಹೊರಟಿದ್ದ ಪೆದ್ದ ಬಾಲ್ತಸಾರನ ಕಥೆಯನ್ನು ಈ ಊರಿನ ಹೆಂಡದಂಗಡಿಗಳಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಕೋಟೆಯ ಮೇಲೆ ಡಚ್ಚರ ಬಾವುಟ ಇಳಿದು ಇಂಗ್ಲಿಷರ ಬಾವುಟ ಏರಿತು, ನ್ಯೂ ಆಮ್‌ಸ್ಟರ್‌ಡ್ಯಾಮ್ ಹೋಗಿ ನ್ಯೂಯಾರ್ಕ್ ಆಯಿತು, ನಕ್ಕವರಲ್ಲಿ ಎಷ್ಟೋ ಜನ ಮಣ್ಣಾದರು, ಆ ನಗೆ ಮಾತ್ರ ಸಾಯಲಿಲ್ಲ. ಮೊನ್ನೆ ಪೀಪಾಯಿ ಮಾಡುವವನ ಮಗ ನನ್ನ ಬಾಗಿಲಲ್ಲೇ ನಿಂತು ಅದನ್ನು ನನಗೇ ಹೇಳತೊಡಗಿದ. ನನ್ನ ಕೈಯಲ್ಲಿ ಪೊರಕೆ ಇತ್ತು. ಆಮೇಲೆ ಏನಾಯಿತೆಂದು ಅವನನ್ನೇ ಕೇಳಿ.

ಆ ಬಾಲ್ತಸಾರ್ ನನ್ನ ಮಾಮ. ಈ ಲುಸಿಯಾಳ ಮೈ ಲುಸಿಯಾಳದೇ ಆಗಿ ಉಳಿದಿದ್ದರೆ, ಹೆತ್ತ ಮಕ್ಕಳು ಯಾರದೋ ಸ್ವತ್ತಾಗದೆ ನನ್ನ ಮಕ್ಕಳಾಗಿಯೇ ಬೆಳೆದಿದ್ದರೆ, ಅದು ಆ ಪೆದ್ದನಿಂದ. ದಿನಾ ಬೆಳಗಾಗೆದ್ದು ದೇವರಿಗೆ ಮುಂಚೆ ಅವನನ್ನು ನೆನೆಯುತ್ತೇನೆ, ದೇವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ನೀವು ನಮ್ಮವರು, ಈ ಒಲೆಯ ಸುತ್ತ ಕೂತವರು, ಅದಕ್ಕೇ ಹೇಳುತ್ತಿದ್ದೇನೆ. ಮಾತು ಇಲ್ಲೇ ಇರಲಿ.

ಮೂವರು ಒಂದೇ ಹಡಗಿನಲ್ಲಿ ಬಂದವರು. ಬಾಲ್ತಸಾರ್ ಆಫ್ರಿಕಾದ ಲೋವಾಂಗೊ ಕಡೆಯವನು, ಮೀಸೆ ಚಿಗುರಿದ ಹುಡುಗ. ದೊಮಿಂಗಾ ಅಂಗೋಲದವಳು, ಅವನಿಗಿಂತ ತುಸು ಚಿಕ್ಕವಳು. ಮೂರನೆಯವಳು ಗ್ರಾಸಿಯಾ, ನನ್ನ ಹೆತ್ತ ತಾಯಿ. ಆಗ ಇನ್ನೂ ಹಲ್ಲು ಬೀಳುವ ವಯಸ್ಸಿನ ಕೂಸು. ಪೋರ್ಚುಗೀಸರು ಅವರನ್ನು ಆಳುಗಳಾಗಿ ಮಾರಲು ಹಡಗಿಗೆ ತುಂಬಿಕೊಂಡು ಹೊರಟರು, ನಡುಗಡಲಲ್ಲಿ ಡಚ್ಚರು ಆ ಹಡಗನ್ನೇ ದೋಚಿ ಇಲ್ಲಿಗೆ ತಂದು ಇಳಿಸಿದರು. ಹಡಗಿನ ಕತ್ತಲಲ್ಲಿ ಈ ಮೂವರಿಗೂ ಸೇರಿ ಒಂದು ಸೋರೆಬುರುಡೆ ನೀರು. ಹಾಗೆ ಒಂದೇ ಹಡಗಿನಲ್ಲಿ ಬದುಕಿ ದಡ ಸೇರಿದವರು ಒಬ್ಬರಿಗೊಬ್ಬರು ಮಲುಂಗು. ಅಂದರೆ ಒಡಹುಟ್ಟಿದವರು ಎಂದೇ ಲೆಕ್ಕ. ಮಲುಂಗುವಿನ ಮಕ್ಕಳು ನಮ್ಮ ಮಕ್ಕಳು, ಮಲುಂಗುವಿನ ಸಾವು ನಮ್ಮ ಮನೆಯ ಸಾವು, ಮಲುಂಗುವನ್ನು ಮದುವೆಯಾಗುವ ಮಾತನ್ನು ಯಾರೂ ಎತ್ತುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಈ ಊರನ್ನು ಆಳುತ್ತಿದ್ದ ಡಚ್ಚರ ಕಂಪನಿಯ ಚಾಕರಿ. ಕಾಡು ಕಡಿದರು, ಕೋಟೆಗೆ ಮಣ್ಣು ಹೊತ್ತರು, ದಾರಿ ಮಾಡಿದರು. ಎಷ್ಟೋ ವರ್ಷಗಳ ಮೇಲೆ ಕೆಲವು ಹಳಬರಿಗೆ ಕಂಪನಿ ಬಿಡುಗಡೆ ಕೊಟ್ಟಿತು, ಅದೂ ಅರ್ಧ. ಸಿಹಿನೀರಿನ ಕೊಳದ ಆಚೆ ಒಂದು ತುಂಡು ನೆಲ ಕೊಟ್ಟು, ಉತ್ತು ತಿನ್ನಿ, ವರ್ಷಕ್ಕೊಂದು ಕೊಬ್ಬಿದ ಹಂದಿಯನ್ನೂ ಒಂದಿಷ್ಟು ಕಾಳನ್ನೂ ನಮಗೆ ತಂದುಕೊಡಿ, ಕರೆದಾಗ ಕೆಲಸಕ್ಕೆ ಬನ್ನಿ ಅಂದರು. ನಿಮ್ಮ ಮಕ್ಕಳು, ಹುಟ್ಟಿದವರೂ ಹುಟ್ಟಲಿರುವವರೂ, ನಮ್ಮವರೇ ಅಂದರು. ಬಾಲ್ತಸಾರನಿಗೂ, ಇಲ್ಲಿ ಕಟ್ಟಿಕೊಂಡ ಗಂಡನ ಜೊತೆ ದೊಮಿಂಗಾಗೂ ಈ ಅರೆ ಬಿಡುಗಡೆ ಸಿಕ್ಕಿತು, ಗಂಡ ಸತ್ತ ಮೇಲೆ ನೆಲ ಅವಳ ಪಾಲಿಗೆ ಬಂತು. ಅರ್ಧ ಬಿಡುಗಡೆಯೆಂದರೆ ಅರ್ಧ ಬಸುರಿ ಅಂದ ಹಾಗೆ ಎಂದು ಅವಳು ಕೋಟೆಯ ಕಡೆ ಮುಖ ಮಾಡಿ ಬೈಯುತ್ತಿದ್ದಳು. ಬೇಲಿಯ ಈಚೆ ಅವಳ ನೆಲ, ಆಚೆ ಬಾಲ್ತಸಾರನದು.

ನನ್ನ ತಾಯಿ ಗ್ರಾಸಿಯಾಗೆ ಆ ಅರ್ಧವೂ ಸಿಗಲಿಲ್ಲ. ಒಬ್ಬ ಅಧಿಕಾರಿಯ ಮನೆಯಲ್ಲಿ ಅಡುಗೆಗಿದ್ದಳು, ನನ್ನನ್ನು ಹೆತ್ತು ಹಾಸಿಗೆಯಿಂದ ಏಳಲೇ ಇಲ್ಲ. ನನ್ನಪ್ಪ ಯಾರೆಂದು ಕೇಳಬೇಡಿ, ನನಗೂ ಯಾರೂ ಹೇಳಿಲ್ಲ. ದೊಮಿಂಗಾ ಹೋಗಿ ನನ್ನನ್ನು ಲಂಗದ ಮಡಿಲಲ್ಲಿ ಸುತ್ತಿಕೊಂಡು ಬಂದಳು. ಎಳೆಗೂಸು ಯಾರಿಗೂ ಬೇಡವಾಗಿತ್ತು, ಕಂಪನಿಯೂ ತಲೆ ಕೆಡಿಸಿಕೊಳ್ಳಲಿಲ್ಲ. ಆಡಿನ ಹಾಲು ಕುಡಿಸಿ ಬೆಳೆಸಿದಳು. ನಾನು ಅವ್ವ ಅಂದದ್ದು ಅವಳನ್ನೇ.

ಬಾಲ್ತಸಾರನಿಗೆ ನಾಲ್ಕಾರು ಮಾತು ಬರುತ್ತಿದ್ದವು, ಅದಕ್ಕೇ ಕೋಟೆಯವರು ದುಭಾಷಿಯ ಕೆಲಸಕ್ಕೆ ಕರೆಯುತ್ತಿದ್ದರು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಇದ್ದಂತೆ ಮುಟ್ಟಿಸಿದ ಆಸಾಮಿಯಲ್ಲ ಅವನು. ಧಣಿಯೊಬ್ಬ ಆಳನ್ನು ಸೋಮಾರಿ ನಾಯಿ ಎಂದು ಬೈದರೆ, ಅವರು ನಿನಗೆ ದಣಿವಾಗಿರಬೇಕು ಅಂತಿದಾರೆ ಎನ್ನುತ್ತಿದ್ದ. ಆಳು ತನ್ನ ಮಾತಿನಲ್ಲಿ ನಿನ್ನ ದನಗಳೆಲ್ಲ ನೆಗೆದುಬೀಳಲಿ ಎಂದು ಶಪಿಸಿದರೆ, ನಿಮ್ಮ ದನಗಳ ಮೇಲೆ ಅವನಿಗೆ ಬಹಳ ಪ್ರೀತಿ ಎಂದು ಧಣಿಗೆ ಹೇಳುತ್ತಿದ್ದ. ಇಬ್ಬರೂ ತಲೆಯಾಡಿಸಿಕೊಂಡು ಹೋಗುತ್ತಿದ್ದರು. ಎಷ್ಟು ಬೆನ್ನುಗಳು ಏಟು ತಪ್ಪಿಸಿಕೊಂಡವೋ ಅವನ ಸುಳ್ಳಿನಿಂದ. ಅವ್ವ ಮಾತ್ರ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನೆಂದು ಹಂಗಿಸುತ್ತಿದ್ದಳು.

ಸಂಜೆಯ ಊಟ ಅವನಿಗೆ ನಮ್ಮಲ್ಲೇ. ಮುಸುಕಿನ ಜೋಳದ ಗಂಜಿ, ಹೊಳೆಯ ಸಿಂಪಿ, ಇದ್ದರೆ ಒಂದು ತುಂಡು ಮಾಂಸ. ಒಂದು ಹರಳು ಉಪ್ಪು ಹೆಚ್ಚಾದರೂ ಮುಖ ಸಿಂಡರಿಸುತ್ತಿದ್ದ. ಹಡಗಿನಲ್ಲಿ ಸಮುದ್ರ ಕುಡಿದದ್ದೇ ಸಾಕು ಎನ್ನುತ್ತಿದ್ದ. ಅವ್ವ ಗೊಣಗುತ್ತಲೇ ಅವನ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ಗಂಜಿಗೆ ಉಪ್ಪು ಹಾಕುತ್ತಿದ್ದಳು. ಉಂಡು, ಕೈತೊಳೆದು, ಅವನು ಪ್ರತಿಸಲವೂ ಅದೇ ಹಳೆಯ ಮಾತು ತೆಗೆಯುತ್ತಿದ್ದ, ಮದುವೆಯಾಗೋಣ ಎಂದು.

"ನೀನು ನನ್ನ ಮಲುಂಗು ಕಣೋ," ಎನ್ನುತ್ತಿದ್ದಳು ಅವ್ವ. "ಅಣ್ಣನ್ನ ಯಾರಾದ್ರೂ ಕಟ್ಕೋತಾರೇನೋ?"

"ಹಡಗು ಅಂದ್ರೆ ಹಡಗು ಅಷ್ಟೇ ಕಣೇ. ಅದಕ್ಕೆ ಹಲಗೆ ಇತ್ತು, ಮೊಳೆ ಇತ್ತು. ಗರ್ಭ ಎಲ್ಲಿತ್ತು?"

ವರ್ಷಗಟ್ಟಲೆ ನಡೆಯಿತು ಈ ಜಗಳ. ನಾನು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅವ್ವ ಹಳೆಯ ಕಟ್ಟಳೆಗಳನ್ನು ಬಿಡುವವಳಲ್ಲ. ಕೊಳದಾಚೆಯ ಮುದುಕ ಫ್ರಾನ್ಸಿಸ್ಕು ಸತ್ತಾಗ ಏನಾಯಿತು ಗೊತ್ತೇ? ನಮ್ಮಲ್ಲಿ ಸಾವಿನ ಮನೆಯ ಒಲೆ ಹಚ್ಚಿ, ಬಂದವರಿಗೆ ಗಂಜಿ ಕಾಯಿಸಬೇಕಾದವರು ಸತ್ತವನ ಅಕ್ಕತಂಗಿಯರು. ಹೆಂಡತಿಯಾದವಳು ಆ ದಿನ ಬೆಂಕಿ ಮುಟ್ಟುವಂತಿಲ್ಲ, ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕೂರಬೇಕು. ಫ್ರಾನ್ಸಿಸ್ಕುವಿನ ಹೆಂಡತಿ ಪಾಪ ಅಳುತ್ತಳುತ್ತ ಸೌಟು ಹಿಡಿದಳು. ಅವ್ವ ಹೋಗಿ ಆ ಸೌಟನ್ನು ಕಸಿದುಕೊಂಡು, ಅವಳನ್ನು ಚಾಪೆಗೆ ಕೂರಿಸಿ ಬಂದಳು. ಅಂಥವಳು ಮಲುಂಗುವನ್ನು ಮದುವೆಯಾಗುತ್ತಾಳೆಯೇ ಎಂದು ಊರೇ ನಗುತ್ತಿತ್ತು.

ಆದರೂ ಒಂದು ಸುಗ್ಗಿಯಲ್ಲಿ ಅವ್ವ ಸೋತಳು. ನನಗಾಗ ಎಂಟು ವರ್ಷವೋ ಏನೋ. ಬೇಲಿ ಕಟ್ಟುತ್ತಿದ್ದ ಬಾಲ್ತಸಾರನಿಗೆ ನೀರು ಕೊಟ್ಟು, ಆ ಹಡಗಿನ ಮಾತನ್ನು ಪಾದ್ರಿಯ ಮುಂದೆ ನಿಂತು ಹೇಳುವ ಗಂಡಸುತನ ಇದ್ದರೆ ಹೋಗಿ ಹೇಳು ಅಂದಳು. ಅವನು ಬೇಲಿಯನ್ನು ಅರ್ಧಕ್ಕೇ ಬಿಟ್ಟು ಹೋದ. ಮದುವೆಗೆ ಮುಂಚೆ ಎಲ್ಲರಿಗೂ ಸಾರುವ ಕಟ್ಟಳೆಯಂತೆ, ಮುಂದಿನ ಭಾನುವಾರದಿಂದ ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಕೂಗಿಸುವುದೆಂದು ಮಾತಾಯಿತು. ಮದುವೆಯ ಊಟಕ್ಕೆಂದು ಅವನು ಒಂದು ಹಂದಿಯನ್ನು ಬೇರೆ ಕಟ್ಟಿ ಕೊಬ್ಬಿಸತೊಡಗಿದ. ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದ. ದೊರೆ ಉಂಡರೇ, ದೊರೆ ಮಲಗಿದರೇ ಎಂದು ಕೇಳಿಕೊಂಡು ಓಡಾಡುವುದು ನನಗೆ ದೊಡ್ಡ ಆಟ. ಅವ್ವ ಆ ದಿನಗಳಲ್ಲಿ ಹಾಡು ಗುನುಗುತ್ತಿದ್ದಳು, ನಾನು ನೋಡಿದರೆ ನಿಲ್ಲಿಸಿಬಿಡುತ್ತಿದ್ದಳು.

ಆ ವಾರವೇ ಕಂಪನಿಯ ಮೇಸ್ತ್ರಿ ಬಂದ. ಗ್ರಾಸಿಯಾಳ ಮಗಳು ಬೆಳೆದಿದ್ದಾಳಂತೆ, ಕೆಲಸಕ್ಕೆ ಬರುತ್ತಾಳಂತೆ, ಒಬ್ಬ ಕಪ್ತಾನ ದಕ್ಷಿಣದ ದ್ವೀಪಗಳಿಗೆ ಹೊರಟಿದ್ದಾನೆ, ಅವನ ಹೆಂಡತಿಗೆ ಮಕ್ಕಳನ್ನು ಆಡಿಸಲು ಹುಡುಗಿ ಬೇಕು. ಮೇಸ್ತ್ರಿ ನನ್ನ ಗಲ್ಲ ಹಿಡಿದು ಹಲ್ಲು ನೋಡಿದ. ಅವ್ವ ಅವನ ಕೈಗೆ ಹೊಡೆದಳು. ಅವನು ಸಿಟ್ಟಾಗಲಿಲ್ಲ, ಹೇಳುವುದಿದ್ದರೆ ಕೋಟೆಗೆ ಬಂದು ಹೇಳು, ಹಡಗು ಹೊರಡುವ ಮುಂಚೆ ಅಂದು ಹೋದ. ಆ ದ್ವೀಪಗಳಿಗೆ ಹೋದ ನಮ್ಮವರಲ್ಲಿ ತಿರುಗಿ ಬಂದವರು ಯಾರೂ ಇಲ್ಲ.

ಅವ್ವನ ಡಚ್ ಮಾತು ಸಂತೆಗೆ ಸಾಕಾಗುವಷ್ಟು ಮಾತ್ರ. ಹಾಗಾಗಿ ಕೋಟೆಯ ಸಭೆಯಲ್ಲಿ ಅವಳ ಪರವಾಗಿ ಬಾಲ್ತಸಾರನೇ ನಿಂತ. ನಾನು ಅವ್ವನ ಲಂಗ ಹಿಡಿದು ಪಕ್ಕದಲ್ಲಿದ್ದೆ. ಬೀದಿಯಲ್ಲಿ ಡಚ್ಚರ ಮಕ್ಕಳ ಜೊತೆ ಆಡಿ ಬೆಳೆದವಳು, ನನಗೆ ಅವಳಿಗಿಂತ ಹೆಚ್ಚು ಅರ್ಥವಾಗುತ್ತಿತ್ತು. ಮೇಜಿನ ಹಿಂದೆ ಅಧಿಕಾರಿಗಳು, ನಡುವೆ ಕೆಂಪು ಗಡ್ಡದವನು ಮುಖ್ಯಸ್ಥ. ಕಿಟಕಿಯ ಬಳಿ ಪಾದ್ರಿ ಕೂತಿದ್ದರು.

ಬಾಲ್ತಸಾರ್ ಬಗ್ಗಿ ನಮಸ್ಕರಿಸಿ ಬೆಣ್ಣೆಯ ಮಾತನ್ನೇ ಶುರು ಮಾಡಿದ. ಈ ಮಗುವಿಗೆ ಕಂಪನಿ ಒಂದು ತುತ್ತೂ ಹಾಕಿಲ್ಲ, ಒಂದು ಗೇಣು ಬಟ್ಟೆಯನ್ನೂ ಕೊಟ್ಟಿಲ್ಲ, ಸಾಕಿದವಳು ಈ ವಿಧವೆ, ದಯವಿಟ್ಟು ಮಗುವನ್ನು ಬಿಡುಗಡೆ ಮಾಡಿ ಇವಳಿಗೇ ಬಿಟ್ಟುಕೊಡಿ ಎಂದ. ಕೆಂಪು ಗಡ್ಡದವನು ಸಾವಧಾನವಾಗಿಯೇ ಕೇಳಿಸಿಕೊಂಡ. ರಕ್ತಸಂಬಂಧಿಗಳು ಸ್ವಂತ ಖರ್ಚಿನಲ್ಲಿ ಸಾಕಿದ್ದರೆ ಅದೊಂದು ಮಾತು, ಅಕ್ಕಪಕ್ಕದವರೆಲ್ಲ ಬಂದು ಕಂಪನಿಯ ಮಕ್ಕಳನ್ನು ಕೇಳಿದರೆ ಕೊಡಲಾಗುತ್ತದೆಯೇ ಎಂದ. ಸತ್ತವಳು ಇವಳಿಗೆ ಏನಾಗಬೇಕು, ಅದನ್ನು ಕೇಳು ಎಂದ.

ಬಾಲ್ತಸಾರ್ ಅವ್ವನನ್ನು ಕೇಳಿದ. ಅವ್ವ ಗಟ್ಟಿಯಾಗಿ ಒಂದೇ ಮಾತು ಹೇಳಿದಳು. "ಮಲುಂಗು."

"ಒಡಹುಟ್ಟಿದವಳು ಅಂತಿದಾಳೆ ಸ್ವಾಮಿ," ಎಂದ ಬಾಲ್ತಸಾರ್. "ತಂಗಿ."

ಗುಮಾಸ್ತನ ಲೇಖನಿ ಆಡಿತು. ನಾನು ಗೆದ್ದೆವು ಅಂದುಕೊಂಡೆ. ಆಗ ಮೇಜಿನ ತುದಿಯಲ್ಲಿದ್ದ ಇನ್ನೊಬ್ಬ ಅಧಿಕಾರಿ, ತೆಳ್ಳಗಿನವನು, ಕೈಯೆತ್ತಿದ. ಅವನು ಬ್ರೆಜಿಲಿನಲ್ಲಿ ಇದ್ದು ಬಂದವನು, ನಮ್ಮವರ ಮಾತನ್ನು ಅಲ್ಲಿ ಇಲ್ಲಿ ಕೇಳಿದ್ದವನು. ಮಲುಂಗು ಅಂದರೆ ಒಂದೇ ಹಡಗಿನಲ್ಲಿ ಬಂದವರು ಎಂದು ತಾನು ಕೇಳಿದ್ದೇನೆ, ಇವರು ಅದನ್ನು ಒಡಹುಟ್ಟು ಅನ್ನುತ್ತಿದ್ದಾರೆ ಎಂದ. ನಮ್ಮವರಲ್ಲಿ ಅದೂ ಒಡಹುಟ್ಟೇ ಎಂದು ಬಾಲ್ತಸಾರ್ ಉತ್ತರಿಸಿದ. ತೆಳ್ಳಗಿನವನು ಪಾದ್ರಿಯ ಕಡೆ ತಿರುಗಿ, ಈ ದುಭಾಷಿ ಮದುವೆಯ ಕೂಗಿಗೆಂದು ನಿಮ್ಮ ಹತ್ತಿರ ಬಂದಿದ್ದನಲ್ಲವೇ, ಹುಡುಗಿ ಯಾರು ಎಂದು ಕೇಳಿದ. ಪಾದ್ರಿ ಅವ್ವನನ್ನು ತೋರಿಸಿದರು.

"ನೀನೂ ಅದೇ ಹಡಗಿನಲ್ಲೇ ಬಂದವನಲ್ವೇನಯ್ಯಾ?" ಎಂದ ತೆಳ್ಳಗಿನವನು. "ಈಗ ಹೇಳು. ನಿನಗೆ ಇವಳು ಏನಾಗಬೇಕು?"

ಎಂಟು ವರ್ಷದವಳಿಗೆ ಏನು ತಿಳಿದೀತು. ಈಗ ಹೇಳುತ್ತೇನೆ ಕೇಳಿ. ಏನೂ ಆಗಬೇಕಿಲ್ಲ, ಬರೀ ಹಡಗಿನ ಜೊತೆಗಾತಿ ಎಂದು ತಾನು ವರ್ಷಗಟ್ಟಲೆ ವಾದಿಸಿದ್ದನ್ನೇ ಅವನು ಹೇಳಿದ್ದರೆ, ಭಾನುವಾರ ಚರ್ಚಿನಲ್ಲಿ ಹೆಸರು ಕೂಗುತ್ತಿದ್ದರು. ಆದರೆ ಹಾಗಂದ ಮೇಲೆ ಗ್ರಾಸಿಯಾಳೂ ಅವ್ವನಿಗೆ ಏನೂ ಅಲ್ಲ, ನಾನು ಹಡಗಿಗೆ. ಒಡಹುಟ್ಟು ಎಂದರೆ ನಾನು ಉಳಿದೆ, ಅವನ ಮದುವೆ ಮುಗಿಯಿತು. ಎಲ್ಲರ ಮಾತನ್ನೂ ತಿರುಚಿ ಬದುಕಿದ್ದ ಮನುಷ್ಯನಿಗೆ ಅಲ್ಲಿ ತಿರುಚಲು ಜಾಗವಿರಲಿಲ್ಲ. ಅವನು ಅವ್ವನ ಕಡೆ ನೋಡಲಿಲ್ಲ. ನನ್ನನ್ನು ನೋಡಿದ. ತಲೆಯ ಮೇಲಿನ ಟೋಪಿ ಕೈಗೆ ಬಂತು, ಅದನ್ನು ಎರಡು ಸುತ್ತು ತಿರುಗಿಸಿದ.

"ತಂಗಿ ಸ್ವಾಮಿ," ಅಂದ. "ನಾನು ಇವಳ ಅಣ್ಣ. ಈ ಮಗು ನನಗೂ ಸೋದರ ಸೊಸೆ."

"ಅಣ್ಣನಾಗಿ ಮದುವೆಗೆ ಹೆಸರು ಕೊಟ್ಟೆಯಾ?"

"ತಪ್ಪಾಯ್ತು ಸ್ವಾಮಿ. ನಿಮ್ಮ ದೇವರ ಕಾನೂನು ನಮ್ಮಂಥ ಪೆದ್ದರಿಗೆ ಹೇಗೆ ಗೊತ್ತಾಗಬೇಕು? ಹೊಡೆದುಹಾಕಿ ಆ ಹೆಸರನ್ನ."

ಕೆಂಪು ಗಡ್ಡದವನು ಮೊದಲು ನಕ್ಕ. ಆಮೇಲೆ ಮೇಜಿನ ಹಿಂದಿದ್ದವರೆಲ್ಲ ನಕ್ಕರು, ಬಾಗಿಲ ಸಿಪಾಯಿಗಳೂ ನಕ್ಕರು. ಪಾದ್ರಿ ಮಾತ್ರ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದರು. ಬಾಲ್ತಸಾರನೂ ಅವರ ಜೊತೆ ಹಲ್ಲು ಕಿರಿದು ನಿಂತಿದ್ದ, ನಗುವವರ ಕೈ ಬಿಗಿಯಾಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನಗೆಯಲ್ಲೇ ತೀರ್ಮಾನ ಆಯಿತು. ಮಗುವನ್ನು ರಕ್ತಸಂಬಂಧಿಗಳು ಸ್ವಂತ ಖರ್ಚಿನಲ್ಲಿ ಸಾಕಿದ್ದಾರೆ, ಆದ್ದರಿಂದ ಮಗು ಬಿಡುಗಡೆ. ಅರ್ಧವಲ್ಲ, ಪೂರ್ತಿ.

ಮನೆಗೆ ಹೋಗುವಾಗ ನಾನು ಇಬ್ಬರ ನಡುವೆ ಕುಣಿಯುತ್ತಿದ್ದೆ. ನನಗೆ ಒಬ್ಬ ಮಾಮ ಸಿಕ್ಕಿದ್ದ. ನೀನು ನಿಜವಾಗಿ ನನ್ನ ಮಾಮನಾ ಎಂದು ಕೇಳಿದೆ. ಹೌದು ಮಗಾ, ಇವತ್ತಿಂದ ಎಂದ. ಊರಿನ ಮರದ ಗೋಡೆ ದಾಟಿದೆವು. ಕೊಳದ ಹತ್ತಿರ ಬಂದ ಮೇಲೆ ಅವ್ವ, ಮುಂದೆ ನೋಡಿಕೊಂಡೇ, "ಹಂದಿಗೆ ಏನಾದ್ರೂ ಹಾಕಿದ್ಯಾ?" ಎಂದು ಕೇಳಿದಳು.

"ಬೆಳಿಗ್ಗೆ ಹಾಕಿದೀನಿ," ಎಂದ ಅವನು.

ಆ ವರ್ಷ ಕಂಪನಿಗೆ ಕೊಡಬೇಕಾದ ಹಂದಿಯಾಗಿ ದೊರೆಯನ್ನೇ ಹೊಡೆದುಕೊಂಡು ಹೋದರು. ನಾನು ಅತ್ತೆ. ಹೋಗಲಿ ಬಿಡು, ದೊರೆಗಳು ಕೋಟೆಯಲ್ಲೇ ಇರಬೇಕು ಎಂದು ಮಾಮ ನನ್ನನ್ನು ನಗಿಸಿದ. ಅವನು ಅರ್ಧಕ್ಕೆ ಬಿಟ್ಟಿದ್ದ ಬೇಲಿಯನ್ನು ತಾನೇ ಪೂರ್ತಿ ಮಾಡಿದ.

ಆಮೇಲಿನ ವರ್ಷಗಳಲ್ಲಿ ಅವನು ನಮ್ಮಲ್ಲಿ ಉಂಡ, ನಮ್ಮ ಸೂರು ಹೊದಿಸಿದ, ನನಗೆ ಮಾತುಗಳನ್ನು ಕಲಿಸಿದ. ಬೀದಿಯಲ್ಲಿ ಪೆದ್ದ ಬಾಲ್ತಸಾರ್ ಎಂದು ಕೂಗಿದರೆ ಟೋಪಿ ತೆಗೆದು ನಮಸ್ಕಾರ ಮಾಡುತ್ತಿದ್ದ. ದೀಪ ಹಚ್ಚುವ ಮುಂಚೆ ಎದ್ದು ತನ್ನ ಮನೆಗೆ ಹೋಗಿಬಿಡುತ್ತಿದ್ದ. ಮದುವೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಇಂಗ್ಲಿಷರು ಬಂದ ಮೇಲೆ ಹಳೆಯ ಅಧಿಕಾರಿಗಳು ಹೋದರು, ಇನ್ನಾದರೂ ಆಗಿ ಎಂದು ನಮ್ಮವರೇ ಕೆಲವರು ಹೇಳಿದರು. ಹೇಗೆ ಆಗುವುದು? ತಾಯಿ ಆಳಾದರೆ ಮಕ್ಕಳೂ ಆಳು. ಅವರಿಬ್ಬರು ಅಣ್ಣತಂಗಿಯಲ್ಲವೆಂದು ಒಂದು ದಿನ ಯಾರಾದರೂ ಬಾಯಿ ಬಿಟ್ಟರೆ, ನನ್ನ ಬಿಡುಗಡೆಯೇ ಸುಳ್ಳು, ನನ್ನ ಹೊಟ್ಟೆಯಲ್ಲಿ ಹುಟ್ಟುವವರೂ ಯಾರದೋ ಸ್ವತ್ತು. ಇಬ್ಬರೂ ಮುದುಕರಾಗುವವರೆಗೆ ಆ ಒಂದು ಮಾತನ್ನು ಕಾದರು.

ನನಗೆ ಮೊದಲ ಮಗುವಾದಾಗ ಅದನ್ನು ಎತ್ತಿಕೊಂಡು ಮಾಮನ ಮನೆಗೆ ಹೋದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ಕೂಸನ್ನು ಅವನ ಮಡಿಲಲ್ಲಿ ಹಾಕಿ ಅವನ ಕಾಲು ಹಿಡಿದುಕೊಂಡೆ. ನನಗಾಗಿ ಯಾಕೆ ಹಾಗೆ ಮಾಡಿದೆ, ನಿನ್ನ ಋಣವನ್ನು ಹೇಗೆ ತೀರಿಸಲಿ ಎಂದು ಅತ್ತೆ. ಅವನಿಗೆ ಮುಜುಗರವಾಯಿತು. ಕೂಸಿನ ಕಾಲ್ಬೆರಳು ಎಣಿಸುತ್ತ ಕೂತ.

"ಹಡಗಲ್ಲಿ ನಂಗೆ ಜ್ವರ ಬಂದಿತ್ತು ಮಗಾ," ಅಂದ. "ಸತ್ತೇ ಹೋದ ಅಂತ ಎಲ್ರೂ ಬಿಟ್ಟಿದ್ರು. ನಿಮ್ಮಮ್ಮ ಗ್ರಾಸಿಯಾ, ಇಷ್ಟಿದ್ಲು, ತನ್ನ ಪಾಲಿನ ನೀರನ್ನ ಬಾಯಲ್ಲಿ ತುಂಬ್ಕೊಂಡು ಬಂದು ನನ್ನ ಬಾಯಿಗೆ ಬಿಟ್ಲು. ದಿನಾ ಬಿಟ್ಲು. ಮದುವೆ ಆಸೆಗೆ ಹಡಗು ಏನೂ ಅಲ್ಲ ಅಂತ ನಿಮ್ಮವ್ವನ ಮುಂದೆ ನೂರು ಸಲ ಹೇಳಿದೆ. ಕೋಟೇಲಿ ನಿನ್ನ ಮುಖ ನೋಡ್ಕೊಂಡು ಹೇಳೋಕೆ ಹೋದ್ರೆ ಬಾಯಿ ಬರ್ಲಿಲ್ಲ. ನೀನು ನಂಗೇನೂ ಕೊಡ್ಬೇಕಾಗಿಲ್ಲ. ಕೊಡ್ಬೇಕಾಗಿದ್ದೋನು ನಾನು."

ಅವನಿಗೆ ನನ್ನ ತಾಯಿಯ ಮೇಲೆ ಅಷ್ಟು ಕೃತಜ್ಞತೆ ಇತ್ತೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಮುಖವನ್ನೇ ಕಾಣದ ತಾಯಿಯನ್ನು ಅವನು ಆ ದಿನ ನನಗೆ ಕೊಟ್ಟ. ನನ್ನ ಮಗಳಿಗೆ ಗ್ರಾಸಿಯಾ ಎಂದೇ ಹೆಸರಿಟ್ಟೆ.

ಮಾಮ ಒಂದು ಚಳಿಗಾಲದಲ್ಲಿ, ಹೆಚ್ಚು ನರಳದೆ, ತನ್ನ ಹಾಸಿಗೆಯಲ್ಲೇ ತೀರಿಕೊಂಡ. ಕೊಳದ ಸುತ್ತಲಿನ ನಮ್ಮವರೆಲ್ಲ ಬಂದರು. ಕೋಟೆಯ ಕಡೆಯವರು ಒಬ್ಬರೂ ಬರಲಿಲ್ಲ, ಬರದಿದ್ದದ್ದೇ ಒಳ್ಳೆಯದಾಯಿತು. ಅವನ ಒಲೆಯನ್ನು ನಾನು ಗುಡಿಸಿ, ಸೌದೆ ಜೋಡಿಸಿ, ಮಡಕೆಗೆ ನೀರು ತುಂಬಿ ಇಟ್ಟೆ. ಸತ್ತವನ ತಂಗಿ ಬಂದು ಬೆಂಕಿ ಹಚ್ಚಬೇಕಲ್ಲ, ಅದಕ್ಕೆ ಎಲ್ಲರೂ ಕಾದರು.

ಅವ್ವ ಬಂದಳು. ಬೆನ್ನು ಬಾಗಿತ್ತು, ಕೋಲೂರಿಕೊಂಡು ಬಂದಳು. ಹೆಂಗಸರು ಒಲೆಯವರೆಗೆ ದಾರಿ ಬಿಟ್ಟರು. ಅವಳು ಒಲೆಯ ಹತ್ತಿರ ಹೋಗಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಅವನ ಚಾಪೆಯನ್ನು ಕೋಲಿನಿಂದಲೇ ಬಿಡಿಸಿದಳು. ನಿಧಾನವಾಗಿ ಕೂತು, ಗೋಡೆಗೆ ಮುಖ ಮಾಡಿದಳು.

ಫ್ರಾನ್ಸಿಸ್ಕುವಿನ ವಿಧವೆ, ಎಂದೋ ಅವ್ವನಿಂದ ಸೌಟು ಕಸಿಸಿಕೊಂಡಿದ್ದ ಆ ಮುದುಕಿ, ಎದ್ದು ಹೋಗಿ ತನ್ನ ಶಾಲನ್ನು ಅವ್ವನ ಹೆಗಲಿಗೆ ಹೊದಿಸಿ ಬಂದಳು. ಒಲೆಯ ಮುಂದೆ ಯಾರೂ ಇರಲಿಲ್ಲ. ತಂಗಿ ಇಲ್ಲದ ಮನೆಯಲ್ಲಿ ಸೋದರ ಸೊಸೆ ಒಲೆ ಹಚ್ಚಬಹುದು. ನಾನು ಕೂತು ಬೆಂಕಿ ಮಾಡಿದೆ. ಜೋಳದ ಹಿಟ್ಟು ಹಾಕಿ ತಿರುವಿದೆ. ಉಪ್ಪಿನ ಬುಟ್ಟಿಗೆ ಕೈಹಾಕಿದಾಗ ಹಿಂದಿನಿಂದ ಅವ್ವನ ದನಿ ಬಂತು. ಅವಳು ತಿರುಗಿರಲಿಲ್ಲ.

"ಉಪ್ಪು ಹಾಕ್ಬೇಡ ಲುಸಿಯಾ. ಅವ್ನಿಗೆ ಆಗಲ್ಲ."

ನಾನು ಹಾಕಲಿಲ್ಲ. ಬಂದವರೆಲ್ಲ ಆ ಸಪ್ಪೆ ಗಂಜಿಯನ್ನೇ ಉಂಡು, ಬಟ್ಟಲು ತೊಳೆದಿಟ್ಟು ಹೋದರು.